ಐತವಾರದ ಅಳು

ಹಿಂದಿ ಸಿನಿಮಾ ನೋಡಿ ಅಳುವ ಹೆಂಗಸು ನಾನು. ಇಷ್ಟು ಬರೆಯುವುದಕ್ಕೇ ಎಷ್ಟೋ ದಿನ ಹಿಂದೆಮುಂದೆ ನೋಡಿದ್ದೇನೆ. ಸೇಡಂನ ಕಾಲೇಜಿನಲ್ಲಿ ಇಡೀ ನೌಕರಿ ಕನ್ನಡ ಪಾಠ ಹೇಳಿದವಳು. ಕಣ್ಣೀರು ಸುರಿಸಿ ಗೆಲ್ಲುವ ಬರವಣಿಗೆ ಅಗ್ಗದ್ದು, ಒಳ್ಳೆಯ ಬರವಣಿಗೆ ತಡೆದು ಹೇಳುತ್ತದೆ ಎಂದು ಹುಡುಗರ ಮುಂದೆ ಗಂಟಲು ಹರಿದುಕೊಂಡವಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಸಿನಿಮಾದಲ್ಲಿ ಜೈಲಿನಿಂದ ಬಂದ ಮಗನನ್ನು ಕುರುಡಿ ತಾಯಿ ಬರೀ ಹೆಜ್ಜೆಯ ಸಪ್ಪಳದಿಂದ ಗುರುತು ಹಿಡಿದಾಗ ಸೆರಗು ಬಾಯಿಗೆ ತುರುಕಿಕೊಂಡು ಅಳುವವಳೂ ನಾನೇ. ಈಗಂತೂ ಮೊಬೈಲಿನಲ್ಲಿ ಬೇಕಾದ ಸಿನಿಮಾ ಬೇಕಾದಾಗ ಸಿಗುತ್ತದೆ. ಮೊನ್ನೆ ನನ್ನ ಮಗಳು ಸದ್ದಿಲ್ಲದೆ ಹಿಂದೆ ಬಂದು ನಿಂತು ನೋಡಿಬಿಟ್ಟಳು.

“ಮಮ್ಮಿ, ಗುಡಿ ಗಂಟಿ ತಾನೇ ಬಾರಿಸಿಕೊಳ್ಲಿಕತ್ತದ. ಇದಕ್ಕ ಅಳ್ತೀಯಾ?”

“ಕಣ್ಣಾಗ ಧೂಳ ಬಿದ್ದದ,” ಎಂದೆ. ಅವಳು ನಕ್ಕಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ನಾಚಿಕೆ ಅಳುವುದಕ್ಕಷ್ಟೇ ಅಲ್ಲ. ಆ ಸಿನಿಮಾಗಳಲ್ಲಿ ನಮ್ಮವರು ಯಾರೂ ಇಲ್ಲ. ಪಡಸಾಲೆಯ ನಡುವಿನಿಂದಲೇ ಎರಡು ಕಡೆಗೂ ಮೆಟ್ಟಿಲು ಏರುವಂಥ ಮನೆಯನ್ನು ನಾನು ಈ ಸೀಮೆಯಲ್ಲಿ ಎಲ್ಲಿಯೂ ಕಂಡಿಲ್ಲ. ಅಲ್ಲಿ ಯಾರೂ ಭಾಂಡೆ ತಿಕ್ಕುವುದಿಲ್ಲ, ನಳದ ನೀರು ಯಾವಾಗ ಬಂದೀತು ಎಂದು ಯಾರೂ ಕಾಯುವುದಿಲ್ಲ. ಅವರ ದೇವರು ಬೇರೆ, ಹಬ್ಬ ಬೇರೆ, ಸತ್ತವರನ್ನು ಕಳಿಸುವ ರೀತಿಯೇ ಬೇರೆ. ಆದರೂ ಆ ಮಂದಿ ಬಾಯಿಬಿಟ್ಟು ಅತ್ತರೆ ನಾನೂ ಅಳುತ್ತೇನೆ. ಕರೆಯದ ಮನೆಗೆ ಊಟಕ್ಕೆ ಹೋಗಿ ಎರಡನೆಯ ಸಲ ಬಡಿಸಿಕೊಂಡಂಥ ನಾಚಿಕೆ ಅದು. ಈ ಅಳು, ಈ ನಾಚಿಕೆ ಎರಡೂ ನನಗೆ ಅಂಟಿಕೊಂಡದ್ದು ರೈಲು ಜಂಕ್ಷನ್ನಿನ ಊರಾದ ವಾಡಿಯ ನಮ್ಮ ಮನೆಯಲ್ಲಿ.

ಆ ಮನೆಗೆ ಮೂರೇ ಕೋಣೆ, ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು. ಮುಂದಿನದು ಅಪ್ಪನ ಪಡಸಾಲೆ: ಗೋಡೆಗೆ ಆನಿಸಿದ ಗಾದಿ, ಮೇಲೆ ಹಲಗೆಯ ತುಂಬ ಪುಸ್ತಕ. ನಡುವಿನದು ಪೂಜೆಯ ಕೋಣೆ, ಅದರ ಬಾಗಿಲಿಗೆ ಒಂದು ಕಾವಿ ಪರದೆ. ಹಿಂದಿನದು ಅಡುಗೆಮನೆ. ನೆಲಕ್ಕೆಲ್ಲ ಶಹಾಬಾದಿನ ಫರಸಿ ಕಲ್ಲು, ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗಿದರೆ ಮಾತ್ರ ನಿದ್ದೆ. ಗೂಡ್ಸ್ ಗಾಡಿ ಹೋದಾಗ ಅಡುಗೆಮನೆಯ ಹಲಗೆಯ ಮೇಲಿನ ತಾಟುಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ಅಂಗಳದ ಬೇವಿನ ಎಲೆಯ ಮೇಲೆ ಸಿಮೆಂಟ್ ಕಾರ್ಖಾನೆಯ ಬಿಳಿ ಪುಡಿ ಕೂತಿರುತ್ತಿತ್ತು. ಅಪ್ಪ ಕಾಳಗಿಯವರು, ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಅವ್ವ ಚಿಮ್ಮನಚೋಡದವಳು, ಸಿಟ್ಟು ಬಂದರೆ ಅರ್ಧ ತೆಲುಗಿನಲ್ಲಿ ಬಯ್ಯುವವಳು. ಹಿಂದಿ ಮಾತ್ರ ಅವಳಿಗೆ ಸುತಾರಾಂ ಬರುತ್ತಿರಲಿಲ್ಲ. ಎಲ್ಲರೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸುವವರೆಗೆ ಒಲೆಯ ಮೇಲಿನ ಬೇಳೆ ಕೂಡ ಸುಮ್ಮನೆ ಕುದಿಯಬೇಕು ಎಂಬಷ್ಟು ಶಿಸ್ತು. ಅಪ್ಪ ಎಂದೂ ದನಿ ಎತ್ತಲಿಲ್ಲ. ಎತ್ತದ ದನಿಗೆ ಮನೆ ಹೆಚ್ಚು ಹೆದರುತ್ತಿತ್ತು.

ನನ್ನ ತಮ್ಮ ಶಿವು ಆ ಮನೆಯಲ್ಲಿ ತೀರಿಕೊಂಡ. ಇನ್ನೂ ಶಾಲೆಗೆ ಹೆಸರು ಹಚ್ಚಿರಲಿಲ್ಲ. ಜ್ವರ ಬಂತು, ಇಳಿಯಲಿಲ್ಲ. ಕಡೆಕಡೆಗೆ ಅವ್ವ ಹಾಲಿನಲ್ಲಿ ರೊಟ್ಟಿ ಹಿಸುಕಿ ಬಾಯಿಯ ಹತ್ತಿರ ಒಯ್ದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. “ಒಂದ್ ತುತ್ತು ನನ್ನಪ್ಪ, ಒಂದ್ ತುತ್ತು,” ಎಂದು ಅವಳು ಅಂಗಲಾಚುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಉಣ್ಣದೆಯೇ ಹೋದ. ಅವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು, ಹಣೆತುಂಬ ವಿಭೂತಿ ಹಚ್ಚಿದರು, ಕೊರಳಿಗೆ ಮಲ್ಲಿಗೆ ಸರ ಹಾಕಿದರು. ಹುಟ್ಟಿದಾಗ ಕಟ್ಟಿದ ಪುಟ್ಟ ಲಿಂಗವನ್ನು ಅವನ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಭಜನೆಯವರು ಬಂದರು. ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡಿದವರು ಅಪ್ಪ. ಅವ್ವ ಬಾಯಿ ತೆರೆದಳು ಅನ್ನುವಷ್ಟರಲ್ಲಿ ಅಪ್ಪ ಹಾಡು ನಿಲ್ಲಿಸಿ ಅವಳ ಕಡೆ ಬಾಗಿದರು.

“ಅಳಬ್ಯಾಡ. ಅವ ಸತ್ತಿಲ್ಲ, ಲಿಂಗದಾಗ ಕೂಡ್ಯಾನ. ನೀ ಅತ್ತರ ಅವಂಗ ಅವಮಾನ ಮಾಡಿದಂಗ.”

ಅವ್ವ ಬಾಯಿ ಮುಚ್ಚಿದಳು. ನಮ್ಮ ಜನರಲ್ಲಿ ಸತ್ತಾಗ ಯಾರೂ ಅಳುವುದಿಲ್ಲ ಎಂದಲ್ಲ, ಹಾಡಿಕೊಂಡು ಅಳುವವರು ಬೇಕಾದಷ್ಟಿದ್ದಾರೆ. ಅಪ್ಪ ಮಾತ್ರ ಪುಸ್ತಕದಲ್ಲಿ ಓದಿದ್ದನ್ನು ಮನೆಯ ಕಾಯಿದೆ ಮಾಡಿಕೊಂಡವರು. ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು, “ಎಂಥಾ ಗಟ್ಟಿ ಹೆಣ್ಮಗಳವ್ವ, ಒಂದ್ ಹನಿ ತೆಗೀಲಿಲ್ಲ,” ಎಂದು ಹೊಗಳಿದರು. ಆ ಹೊಗಳಿಕೆ ಅವ್ವನ ಬಾಯಿಗೆ ಹಾಕಿದ ಬೀಗವಾಯಿತು. ಆಮೇಲೆ ನಮ್ಮ ಮನೆಯಲ್ಲಿ ಶಿವುವಿನ ಹೆಸರು ಯಾರೂ ಎತ್ತಲಿಲ್ಲ. ಅವನ ತಾಟು ಗಾಡಿ ಹೋದಾಗ ಉಳಿದ ತಾಟುಗಳ ಜೊತೆ ಗಲಗಲ ಎನ್ನುತ್ತಿತ್ತು, ಅಷ್ಟೆ.

ಓಣಿಯ ತುದಿಯಲ್ಲಿ ಖುರ್ಷೀದ್ ಖಾಲಾ ಇದ್ದಳು, ಓಣಿಯ ಮಕ್ಕಳಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಗಂಡ ರೈಲ್ವೆ ಡ್ರೈವರ್, ಮನೆಯಲ್ಲಿದ್ದದ್ದಕ್ಕಿಂತ ಹಳಿಯ ಮೇಲಿದ್ದದ್ದೇ ಹೆಚ್ಚು. ಖಾಲಾ ಹೊಲಿಗೆ ಹಾಕುತ್ತಿದ್ದಳು, ಮನೆಯಲ್ಲಿ ಟಿವಿ ಇತ್ತು. ಐತವಾರ ಸಂಜೆ ಹಿಂದಿ ಸಿನಿಮಾ ಬಂತೆಂದರೆ ಅರ್ಧ ಓಣಿ ಅವಳ ಪಡಸಾಲೆಯಲ್ಲಿರುತ್ತಿತ್ತು. ಅದೇ ಹೊತ್ತಿಗೆ ಅಪ್ಪ ಮಠದ ಗೋಷ್ಠಿಗೆ ಹೋಗುತ್ತಿದ್ದರು. ಒಂದು ಐತವಾರ ನನ್ನನ್ನು ಕರೆದುಕೊಂಡು ಜಂಪರಿನ ಅಳತೆ ಕೊಡಲು ಹೋದ ಅವ್ವ ಬಾಗಿಲಲ್ಲೇ ನಿಂತು ಟಿವಿ ನೋಡಿದಳು. ಅದರೊಳಗೆ ಒಬ್ಬ ಹೆಂಗಸು ಚಿತೆಯ ಮುಂದೆ ಬಿದ್ದು ಉರುಳಾಡಿ ಎದೆ ಬಡಿದುಕೊಳ್ಳುತ್ತಿದ್ದಳು. ಗುಡುಗು, ಮಿಂಚು, ನೂರು ಪಿಟೀಲು. ಅವ್ವ ನನ್ನ ರಟ್ಟೆ ಹಿಡಿದಳು.

“ಸುಡ್ತಾರೇನ? ಪಾಪ, ಸುಡ್ತಾರ.” ಸ್ವಲ್ಪ ಹೊತ್ತು ಬಿಟ್ಟು, “ಎಷ್ಟ್ ಛಂದ ಅಳ್ತಾಳ ನೋಡು,” ಎಂದಳು.

ಅಂದಿನಿಂದ ಪ್ರತಿ ಐತವಾರ ನಮ್ಮ ಮನೆಯಲ್ಲಿ ಯಾರದಾದರೂ ಜಂಪರು ಬಿಗಿಯಾಗತೊಡಗಿತು. ಖಾಲಾ ಏನೂ ಕೇಳಲಿಲ್ಲ. “ಬರ್ರಿ ಅಕ್ಕಾ, ಇಲ್ಲಿ ಕುಂದ್ರಿ,” ಎಂದು ಗೋಡೆಯ ಹತ್ತಿರ, ಕತ್ತಲಿರುವ ಮೂಲೆಯಲ್ಲಿ ಚಾಪೆ ಹಾಸುತ್ತಿದ್ದಳು. ಚಹಾ ತಂದರೆ ಅವ್ವ ಕೈ ಮುಗಿಯುತ್ತಿದ್ದಳು, “ಉಪವಾಸ ಅದರಿ.”

“ಸೋಮವಾರದ ಉಪವಾಸ ಐತವಾರಕ್ಕ ಬಂತೇನ್ರಿ?” ಎಂದು ಖಾಲಾ ನಕ್ಕು ಚಹಾ ಒಳಗೆ ಒಯ್ಯುತ್ತಿದ್ದಳು.

ಉಪವಾಸ ಸುಳ್ಳು ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಲಿಂಗ ಕಟ್ಟಿದವರು ಅವರ ಮನೆಯ ನೀರು ಮುಟ್ಟಬಾರದು, ಅಷ್ಟೆ. ಅವರ ಚಾಪೆಯ ಮೇಲೆ ಕೂತು, ಅವರ ಕರೆಂಟಿನಲ್ಲಿ, ಅವರ ಟಿವಿ ನೋಡಿ ಬೇಕಾದಷ್ಟು ಅಳಬಹುದು, ಅತ್ತು ಗಂಟಲು ಒಣಗಿದರೆ ನೀರು ಮಾತ್ರ ಕುಡಿಯಬಾರದು. ಅದೇ ಹೊತ್ತಿನಲ್ಲಿ ಮಠದಲ್ಲಿ ಅಪ್ಪ, ಕುಲದ ಭೇದ ಎಣಿಸುವವನು ಶರಣನೇ ಅಲ್ಲ ಎಂದು ಮಂದಿಗೆ ಬಿಡಿಸಿ ಹೇಳುತ್ತಿದ್ದರು. ಇದನ್ನು ನೆನೆದಾಗ ನನಗೆ ಆಗುವ ನಾಚಿಕೆಗೆ ಬೇರೆ ಬಣ್ಣ.

ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದ ನಾನು ಅವ್ವನಿಗೆ ಕಿವಿಯಲ್ಲಿ ಅರ್ಥ ಹೇಳಬೇಕಿತ್ತು. ಮೊದಮೊದಲು ಇದ್ದದ್ದನ್ನು ಇದ್ದಂತೆ ಹೇಳಿದೆ. ಆದರೆ ಅವ್ವ ಅಳುವ ರೀತಿ ನನಗೆ ಸಹಿಸಲಾಗುತ್ತಿರಲಿಲ್ಲ. ಬೇರೆಯವರು ಕಣ್ಣು ಒರೆಸಿಕೊಂಡು ಶೇಂಗಾ ತಿನ್ನುತ್ತಿದ್ದರು. ಅವ್ವ ಮೈಯೆಲ್ಲ ನಡುಗಿಸಿ, ಮೂಗು ಸೋರಿಸಿಕೊಂಡು ಅಳುತ್ತಿದ್ದಳು. ನನ್ನ ತರಗತಿಯ ವಿಮಲಾ ಮುಂದೆ ಕೂತು ಆಗಾಗ ಹಿಂತಿರುಗಿ ನೋಡುತ್ತಿದ್ದಳು. ಅದಕ್ಕೆ ನಾನು ಮಾತುಗಳನ್ನು ತೊಳೆದು ಸಪ್ಪೆ ಮಾಡಿ ಕೊಡತೊಡಗಿದೆ. ಒಮ್ಮೆ ಟಿವಿಯಲ್ಲಿ ತಾಯಿಯೊಬ್ಬಳು ಮನೆ ಬಿಟ್ಟು ಹೊರಟ ಮಗನ ಕಾಲು ಹಿಡಿದು, ನೀನು ಹೊಸ್ತಿಲು ದಾಟಿದರೆ ನನ್ನ ಹೆಣವನ್ನೂ ದಾಟಿ ಹೋಗು ಎಂದು ಚೀರಿದಳು.

“ಏನಂತಾಳ?” ಅವ್ವ ಕೇಳಿದಳು.

“ಉಂಡ್ ಹೋಗು ಅಂತಾಳ.”

“ಅಷ್ಟಕ್ಕ ಹಂಗ್ಯಾಕ ಒದರತಾಳ?”

“ಅವ ಒಲ್ಲೆ ಅನ್ಲಿಕತ್ತಾನ.”

ಅವ್ವನ ಮುಖ ಕಿವುಚಿತು. “ಉಣಲಾರದ್ದ ಹೊಂಟಾನೇನ? ಉಣಲಾರದ್ದ?” ಎಂದು ಕೇಳಿ, ಅದುವರೆಗೆ ಎಂದೂ ಅಳದಷ್ಟು ಅತ್ತಳು. ಹಾಲಿನಲ್ಲಿ ಹಿಸುಕಿದ ರೊಟ್ಟಿ ನನಗೆ ಆಗ ನೆನಪಾಯಿತು. ಸಪ್ಪೆ ಎಂದು ಕೊಟ್ಟದ್ದೇ ಅವಳ ಗಾಯದ ಮೇಲೆ ಬಿದ್ದಿತ್ತು.

ಆಗಬಾರದ್ದು ಶ್ರಾವಣದ ಒಂದು ಐತವಾರ ಆಯಿತು. ಸಿನಿಮಾದಲ್ಲಿ ಕಳೆದುಹೋಗಿದ್ದ ಮಗ ಬೆಳೆದು ದೊಡ್ಡವನಾಗಿ ಬಂದು, ತಾಯಿಯ ತೊಡೆಯ ಮೇಲೆ ತಲೆಯಿಟ್ಟು ‘ಮಾ’ ಎಂದ. ಅದನ್ನು ಯಾರೂ ಅರ್ಥ ಮಾಡಿಸಿ ಹೇಳಬೇಕಾಗಿರಲಿಲ್ಲ. ಅವ್ವ ಒಮ್ಮೆ ಬಿಕ್ಕಿದಳು. ಆಮೇಲೆ ಅವಳ ಹೊಟ್ಟೆಯ ಬುಡದಿಂದ ಒಂದು ದನಿ ಎದ್ದಿತು, ಚಿಮ್ಮನಚೋಡದ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವ ರಾಗದಲ್ಲಿ.

“ನನ್ನ ಶಿವೂ, ಹಸಕೊಂಡ್ ಹ್ವಾದ್ಯಲ್ಲೋ, ಬಾಯಾಗ ತುತ್ತು ಹಾಕಲಾರದ್ದ ಕಳಿಸಿದ್ನಲ್ಲೋ...”

ಪಡಸಾಲೆಯ ಮಂದಿಯೆಲ್ಲ ಟಿವಿಗೆ ಬೆನ್ನು ಮಾಡಿ ನಮ್ಮನ್ನು ನೋಡಿದರು. ವಿಮಲಾ ಬಾಯಿಗೆ ಕೈ ಅಡ್ಡ ಹಿಡಿದಳು, ಬೆರಳ ಸಂದಿಯಲ್ಲಿ ನಗು ಕಂಡಿತು. ನಾನು ಅವ್ವನ ಸೆರಗು ಜಗ್ಗಿದೆ. “ಸುಮ್ನಾಗ ಯವ್ವಾ, ಎಲ್ಲಾರೂ ನೋಡ್ಲಿಕತ್ತಾರ!” ಅವಳಿಗೆ ಕೇಳಿಸಲಿಲ್ಲ. ಈ ಹೆಂಗಸು ನನ್ನ ತಾಯಿ ಅಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆಗ ಖುರ್ಷೀದ್ ಖಾಲಾ ಹೊಲಿಗೆ ಯಂತ್ರ ಬಿಟ್ಟು ಎದ್ದಳು. ಅವ್ವನ ಹತ್ತಿರ ಬರಲಿಲ್ಲ. ನೆಟ್ಟಗೆ ಟಿವಿಯ ಹತ್ತಿರ ಹೋಗಿ ಅದರ ಗುಂಡಿ ತಿರುವಿ ದನಿ ಹೆಚ್ಚಿಸಿದಳು. ಇನ್ನೂ ತಿರುವಿದಳು. ಪಿಟೀಲು, ಗುಡುಗು, ಗಂಟೆ ಎಲ್ಲ ಸೇರಿ ಕಿಟಕಿಯ ಗಾಜು ನಡುಗಿತು. ಓಣಿಗೆ ಅವ್ವನ ದನಿ ಕೇಳುವಂತಿರಲಿಲ್ಲ.

“ಮುಂದ ನೋಡ್ರಿ ಎಲ್ಲಾರು! ಸಿನಿಮಾ ಅಲ್ಲಿ ಅದ, ಇಲ್ಲಿ ಅಲ್ಲ,” ಎಂದು ಮಂದಿಯನ್ನು ಗದರಿಸಿದಳು. ಸಿನಿಮಾ ಮುಗಿಯುವವರೆಗೆ ಟಿವಿಯ ಪಕ್ಕದಲ್ಲೇ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಗ್ಲಾಸಿನಲ್ಲಿ ನೀರು ತಂದಳು. ಅವ್ವ ಕೈ ಮುಗಿಯಲಿಲ್ಲ. ಗಟಗಟ ಕುಡಿದು ಗ್ಲಾಸು ಖಾಲಿ ಮಾಡಿ, “ಇನ್ನೊಂದ್ ಕೊಡ್ರಿ,” ಎಂದಳು.

ವಿಮಲಾ ಮರುದಿನ ಶಾಲೆಯ ಅಂಗಳದಲ್ಲಿ ಅವ್ವನ ಅಳುವನ್ನು ರಾಗ ಸಮೇತ ಮಾಡಿ ತೋರಿಸಿದಳು. ಹುಡುಗಿಯರು ಇನ್ನೊಮ್ಮೆ, ಇನ್ನೊಮ್ಮೆ ಎಂದರು. ನಾನು ಊಟದ ಡಬ್ಬಿ ತೆರೆಯದೆ ಮನೆಗೆ ತಂದೆ. ಅಂಥ ಸುದ್ದಿ ಅಪ್ಪ ಕೂರುವ ಮಾಸ್ತರರ ಕೋಣೆಗೆ ಹೋಗಲು ಎಷ್ಟು ಹೊತ್ತು? ಆ ಸಂಜೆ ಅಪ್ಪ ತಾಟಿನ ಮುಂದೆ ಕೂತು ಪುಂಡಿಪಲ್ಯ ಕಲಸುತ್ತಾ, ತಲೆ ಎತ್ತದೆ ಹೇಳಿದರು.

“ಐತವಾರ ಜಂಪರ್ ಹೊಲಸೋದು ಬಂದ್ ಮಾಡು.”

ಅವ್ವ ಬಡಿಸುವ ಸೌಟು ಹಿಡಿದು ನಿಂತಳು. ನನ್ನ ತಿಳಿವಳಿಕೆಯಲ್ಲಿ ಅವರಿಬ್ಬರ ನಡುವೆ ಎದುರು ಮಾತು ನಡೆದದ್ದು ಅದೊಂದೇ ಸಲ.

“ಅಲ್ಲಿ ಸತ್ತವರಿಗೆ ಅಳ್ತಾರ್ರಿ.”

“ಅದು ಸುಳ್ಳ ಅಳು. ರೊಕ್ಕ ತಗೊಂಡು ಅಳ್ತಾರ.”

“ಸುಳ್ಳಾಗ್ಲಿ. ಅಳು ಅಂತೂ ಅದ ಅಲ್ಲ? ಈ ಮನ್ಯಾಗ ಅದೂ ಇಲ್ಲ.”

“ಶಿವೂಗ ಅವಮಾನ ಮಾಡಬ್ಯಾಡ ಅಂದಿದ್ದೆ,” ಎಂದರು ಅಪ್ಪ. ಅವನ ಹೆಸರು ಅವರ ಬಾಯಲ್ಲಿ ಬಂದದ್ದು ಮಣ್ಣು ಮಾಡಿದ ನಂತರ ಅದೇ ಮೊದಲು. ಬಂದದ್ದಕ್ಕೆ ಅವರೇ ಬೆಚ್ಚಿದಂತೆ ಕಂಡಿತು. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಕೈ ತೊಳೆದುಕೊಂಡರು.

ಅವ್ವ ಹೋಗುವುದನ್ನು ನಿಲ್ಲಿಸಿದಳು. ಮುಂದಿನ ಐತವಾರ ಅಪ್ಪ ಗೋಷ್ಠಿಗೆ ಹೊರಟೊಡನೆ ನನ್ನನ್ನು ಕರೆದಳು. “ನಿನ್ನ ಹೆಸರು ಅವರು ತೆಗೀಲಿಲ್ಲ. ನೀ ಹೋಗಿ ನೋಡ್ಕೊಂಡ್ ಬಾ. ಬಂದು ನನಗ ಹೇಳು.” ನಾನು ಸಾಯುವಷ್ಟು ನಾಚಿಕೊಂಡು ಹೋದೆ. ಖಾಲಾ ಏನೂ ಆಗಿಲ್ಲವೆಂಬಂತೆ ಅವ್ವನ ಮೂಲೆಯಲ್ಲೇ ಚಾಪೆ ಹಾಸಿ ಕೂರಿಸಿದಳು. ವಿಮಲಾ ಹಿಂತಿರುಗಿ ನೋಡಿದಳು, ಖಾಲಾ ಅವಳ ತಲೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ತಿರುವಿದಳು. ಆಮೇಲೆ ಪ್ರತಿ ಐತವಾರ ನಾನು ಮನೆಗೆ ಬರುವಷ್ಟರಲ್ಲಿ ಅಪ್ಪ ಬಂದು ಗಾದಿಯ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದರು. ಅವ್ವ ಅಡುಗೆಮನೆಯಲ್ಲಿ ಫರಸಿ ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ನಾನು ಒಲೆಯ ಹತ್ತಿರ ಕೂತು ಮೆಲ್ಲನೆ ಕಥೆ ಹೇಳುತ್ತಿದ್ದೆ.

ಹೇಳುವುದನ್ನು ನಾನು ಕಲಿತದ್ದು ಅಲ್ಲಿ. ಪಿಟೀಲು ಇಲ್ಲ, ಗುಡುಗಿಲ್ಲ, ನನ್ನ ಬಾಯಿ ಒಂದೇ. ಜರಡಿಯಲ್ಲಿ ಚಂದ್ರನನ್ನು ನೋಡಿ ಗಂಡನ ಕೈಯಿಂದ ನೀರು ಕುಡಿಯುವ ಹೆಂಗಸಿನ ಬಗ್ಗೆ ಹೇಳಿದರೆ ಅವ್ವ, “ಜರಡ್ಯಾಗ ಹಿಟ್ಟ್ ಹಾಕು ಅನ್ನು ಅಕಿಗೆ,” ಎಂದು ನಗುತ್ತಿದ್ದಳು. ಆದರೆ ತಾಯಿ ಮಗ ಬಂದರೆ ರೊಟ್ಟಿಯ ಸಪ್ಪಳ ನಿಧಾನವಾಗುತ್ತಿತ್ತು. ಕಥೆಯಲ್ಲಿ ಎಲ್ಲಿ ತಡೆಯಬೇಕು, ಎಲ್ಲಿ ಓಡಬೇಕು ಎಂಬುದನ್ನು ಆ ಸಪ್ಪಳವೇ ನನಗೆ ಹೇಳಿಕೊಟ್ಟಿತು. ಅವ್ವ ಅಳುತ್ತಿರಲಿಲ್ಲ. ಆ ಮನೆಯಲ್ಲಿ ಅಳುವುದು ಅವಳಿಂದ ಆಗುತ್ತಿರಲಿಲ್ಲ. ಪಡಸಾಲೆಯಲ್ಲಿ ಪುಸ್ತಕದ ಹಾಳೆ ತಿರುವುವ ಸದ್ದು ಇರುತ್ತಿತ್ತೋ ಇಲ್ಲವೋ, ನಾನು ಕಿವಿಗೊಟ್ಟವಳಲ್ಲ.

ದೀಪಾವಳಿ ಹತ್ತಿರ ಬಂದಾಗಿನ ಒಂದು ಐತವಾರ. ಆ ದಿನದ ಸಿನಿಮಾದಲ್ಲಿ ತಾಯಿಯೊಬ್ಬಳು ಸ್ಟೇಷನ್ನಿನಲ್ಲಿ ನೀರು ತರಲು ಇಳಿಯುತ್ತಾಳೆ, ಗಾಡಿ ಹೊರಟುಬಿಡುತ್ತದೆ, ಪುಟ್ಟ ಮಗ ಕಿಟಕಿಯ ಸರಳು ಹಿಡಿದು ಅಳುತ್ತಾ ಹೋಗುತ್ತಾನೆ. ವಾಡಿಯಲ್ಲಿ ಬೆಳೆದವರಿಗೆ ಗಾಡಿ ತಪ್ಪುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಪ್ರತಿ ದಿನ ಅದೇ ಸ್ಟೇಷನ್ನಿಗೆ ಒಂದು ರೊಟ್ಟಿ ಕಟ್ಟಿಕೊಂಡು ಬಂದು ಕೂರುತ್ತಾಳೆ. ಸಿನಿಮಾದಲ್ಲಿ ಇದ್ದದ್ದು ಬೇರೆ ಏನೋ ಸಿಹಿ, ರೊಟ್ಟಿ ನಾನು ಹಾಕಿದ್ದು. ಮಗ ಬೆಳೆದು ಕಳ್ಳನಾಗುತ್ತಾನೆ. ಕಡೆಗೆ ಗುಂಡೇಟು ತಿಂದು ಅದೇ ಸ್ಟೇಷನ್ನಿಗೆ ಓಡಿ ಬಂದು ಬೀಳುತ್ತಾನೆ. ತಾಯಿ ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಹಣೆಯ ಮೇಲಿನ ಮಚ್ಚೆ ನೋಡಿ ಗುರುತು ಹಿಡಿಯುವಷ್ಟರಲ್ಲಿ ಅವನ ಉಸಿರು ನಿಂತಿರುತ್ತದೆ. ಖಾಲಾ ಕೂಡ ಆ ದಿನ ಅತ್ತಿದ್ದಳು. ನಾನು ಅವ್ವನಿಗೆ ಹೇಳುತ್ತಾ ಹೇಳುತ್ತಾ ಸ್ಟೇಷನ್ನಿನವರೆಗೆ ಬಂದೆ, ಮಗ ಓಡಿ ಬರುತ್ತಿದ್ದ, ಅಲ್ಲಿ ನನ್ನ ಬಾಯಿ ಕಟ್ಟಿತು. ರೊಟ್ಟಿಯ ಸಪ್ಪಳ ನಿಂತಿತ್ತು. ಅವ್ವ ನನ್ನ ಮುಖ ನೋಡಿದಳು. ನೋಡಿ, ಎಲ್ಲ ತಿಳಿದುಕೊಂಡಳು. ಮುಂದೆ ಕೇಳಲಿಲ್ಲ.

ಪರದೆಯ ಆಚೆಯಿಂದ, ಪಡಸಾಲೆಯಿಂದ, ಅಪ್ಪನ ದನಿ ಬಂತು.

“ಆ ಹುಡುಗ ಸಿಕ್ಕನೋ ಇಲ್ಲೋ?”

ಅಪ್ಪ ನನ್ನ ಕಥೆ ಕೇಳಿಸಿಕೊಳ್ಳುತ್ತಿದ್ದರು. ಇಷ್ಟೂ ಐತವಾರ ಕೇಳುತ್ತಿದ್ದರು.

“ಸಿಕ್ಕ, ಅಪ್ಪ,” ಎಂದೆ. ಸುಳ್ಳಲ್ಲ ಅದು.

ಆಮೇಲೆ ಅದೇ ದನಿ, ತೀರಾ ಸಣ್ಣಗೆ:

“ಜೀವ ಇತ್ತ?”

ಮಠದಲ್ಲಿ ಮಂದಿಗೆ ಸಾವೇ ಇಲ್ಲವೆಂದು ಹೇಳುವ ಮನುಷ್ಯ, ಅಗ್ಗದ ಸಿನಿಮಾದ ಕಳ್ಳನೊಬ್ಬನಿಗೆ ಜೀವ ಇತ್ತೇ ಎಂದು ಮಗಳನ್ನು ಕೇಳುತ್ತಿದ್ದರು. ಅವ್ವನ ಅಳುವಿಗೆ ನಾಚಿದ ನಾನು, ನನ್ನ ನಾಚಿಕೆಗೆ ಮೊದಲ ಸಲ ನಾಚಿದೆ. ಉತ್ತರ ಕೊಟ್ಟವಳು ಅವ್ವ. ಸಿನಿಮಾ ನೋಡದವಳು, ಹಿಂದಿ ಬಾರದವಳು, ಒಲೆಯ ಮುಂದಿನಿಂದ ಗಟ್ಟಿಯಾಗಿ ಹೇಳಿದಳು.

“ಇತ್ತರಿ. ಅವ್ವನ ಕೈಯಾಗ ಹೊಟ್ಟಿತುಂಬ ಉಂಡ.”

ಆಗ ಪಡಸಾಲೆಯಿಂದ, ಆ ಮನೆಯಲ್ಲಿ ನಾವು ಎಂದೂ ಕೇಳಿರದ ಸದ್ದು ಬಂತು. ಮೊದಲು ಕೆಮ್ಮೆಂದುಕೊಂಡೆ. ಕೆಮ್ಮಲ್ಲ. ಎದ್ದು ಹೋಗಲು ನೋಡಿದೆ, ಅವ್ವ ನನ್ನ ಮೊಣಕೈ ಹಿಡಿದು ಕೂರಿಸಿದಳು. ಪಡಸಾಲೆಯ ಕಿಟಕಿ ಓಣಿಗೆ ತೆರೆದಿತ್ತು, ಹೊರಗೆ ಮಂದಿ ಓಡಾಡುತ್ತಿದ್ದರು. ಕಡೆಯ ರೊಟ್ಟಿ ಹಂಚಿನ ಮೇಲಿತ್ತು, ಬುಟ್ಟಿಯಲ್ಲಿ ಹಿಟ್ಟು ಮುಗಿದಿತ್ತು. ಅವ್ವ ಎರಡೂ ಅಂಗೈಗಳನ್ನು ಬರಿ ಕಲ್ಲಿನ ಮೇಲಿಟ್ಟು ಬಡಿಯತೊಡಗಿದಳು. ಹಲಗೆಯ ಮೇಲಿನ ತಾಟುಗಳು ಗಲಗಲ ಎನ್ನುವ ಹಾಗೆ, ಒಂದು ರೊಟ್ಟಿಯ ನಂತರ ಇನ್ನೊಂದು ರೊಟ್ಟಿ ಬಡಿಯುವವಳ ಹಾಗೆ, ಪಡಸಾಲೆಯ ದನಿ ನಿಲ್ಲುವವರೆಗೂ ಬಡಿಯುತ್ತಲೇ ಇದ್ದಳು.